ಗಾಜಿಗೂ ಏಕಾದಶಿ

ನಮ್ಮೂರಿನಲ್ಲಿ ದೇವರನ್ನೇ ಒಂಬತ್ತು ತೂತಿನ ಕಿಂಡಿಯಲ್ಲಿ ನೋಡುವುದು. ಉಡುಪಿಯಲ್ಲಿ ಹುಟ್ಟಿ ಬೆಳೆದ ನನಗೆ ಅದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಒಂದು ತೂತಿನಲ್ಲಿ ಕಿರೀಟ, ಇನ್ನೊಂದರಲ್ಲಿ ಕಡೆಗೋಲು, ಅದೃಷ್ಟವಿದ್ದರೆ ಮತ್ತೊಂದರಲ್ಲಿ ಪಾದ. ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಂಡು, ಹಿಂದಿನವರು ನೂಕುವ ಮೊದಲೇ ಸರಿದು ನಿಂತರೆ ದರ್ಶನವಾಯಿತು. ಆದರೆ ಅಮೆರಿಕದ ಜಾರ್ಜಿಯಾದ ಕಮ್ಮಿಂಗ್ ಎಂಬ ಊರಿನಲ್ಲಿ, ಎದುರುಮನೆಯವರ ಕಸದ ಡಬ್ಬಿಯನ್ನು ನೋಡಲು, ನಮ್ಮ ಯಜಮಾನರಿಗೆ ಅಡ್ಡಪಟ್ಟಿಯೇ ಇಲ್ಲದ, ಗೋಡೆಯಷ್ಟಗಲದ ಒಂದೇ ಗಾಜು ಬೇಕಾಯಿತು.

ಹಳೆಯ ಕಿಟಕಿಯಲ್ಲಿ ತಪ್ಪೇನೂ ಇರಲಿಲ್ಲ. ಬಿಳಿ ಪಟ್ಟಿಗಳ ನಡುವೆ ಚೌಕ ಚೌಕವಾಗಿ ರಸ್ತೆ ಕಾಣುತ್ತಿತ್ತು. ಚಳಿಗಾಲದಲ್ಲಿ ಸಂದಿಯಿಂದ ಗಾಳಿ ನುಗ್ಗುತ್ತಿತ್ತು, ನಿಜ. ಅದಕ್ಕೆ ನಾನು ಒಂದು ಹಳೆ ಸೀರೆಯನ್ನು ಸುರುಳಿ ಸುತ್ತಿ ಬುಡಕ್ಕೆ ಇಟ್ಟಿದ್ದೆ, ಸಂಸಾರ ನಡೆಯುತ್ತಿತ್ತು. ಅಷ್ಟರಲ್ಲಿ ಹತ್ತಿರದ ಡುಲುತ್‌ನಲ್ಲಿರುವ ಇವರ ಸ್ನೇಹಿತರೊಬ್ಬರ ಮನೆಗೆ ಪೂಜೆಗೆ ಹೋದೆವು. ಅವರ ಮುಂದಿನ ಹಾಲ್‌ನಲ್ಲಿ ಅಂಥದ್ದೊಂದು ಗಾಜು. ಪ್ರಸಾದ ಆದ ಮೇಲೆ ಗಂಡಸರೆಲ್ಲ ದೇವರಿಗೆ ಬೆನ್ನು ಹಾಕಿ, ಕೈಯನ್ನು ಹಿಂದೆ ಕಟ್ಟಿ, ಸಾಲಾಗಿ ಆ ಗಾಜಿನ ಎದುರು ನಿಂತರು. ಆರತಿಗೂ ಅಷ್ಟು ಶ್ರದ್ಧೆಯಿಂದ ನಿಂತಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಇವರು ಕೇಳಿದರು, "ನೋಡಿದ್ಯಾ, ಎಂಥಾ ವ್ಯೂ?"

"ಎಂಥ ವ್ಯೂ? ಎದುರಿಗೆ ಇದ್ದದ್ದು ಅವರ ಪಕ್ಕದ ಮನೆಯವರ ಗರಾಜ್ ಅಲ್ವಾ?"

"ಅದಲ್ಲ ಕಣೇ. ಆ ಓಪನ್‌ನೆಸ್."

ಇವರ ಕೆಲಸ ಕ್ಲೌಡಿನಲ್ಲಿ, ಅಂದರೆ ಕಂಪ್ಯೂಟರಿನವರ ಮೋಡದಲ್ಲಿ. ಕೋವಿಡ್ ಬಂದಾಗಿನಿಂದ ಮನೆಯಲ್ಲೇ ಕೂತು ಕೆಲಸ. ಹಾಗಾಗಿ ಮನೆಯ ಯಾವ ಮೂಲೆಯಲ್ಲಿ ಏನು ಕಮ್ಮಿಯಿದೆ ಎಂದು ಹುಡುಕಲು ಪುರುಸೊತ್ತು ಬಹಳ. ಮೊದಲು ಬಾಗಿಲುಗಳ ಅಂಚಿಗೆಲ್ಲ ಸ್ಪಂಜಿನ ಪಟ್ಟಿ ಅಂಟಿಸಿದರು, ಕರೆಂಟು ಉಳಿಯುತ್ತದಂತೆ. ಆಮೇಲೆ ನಮ್ಮ ಮನೆಗೆ ಇರುವೆ ಕೂಡ ಹೇಳಿ ಕೇಳಿ ಬರಬೇಕಾಯಿತು. ಅದಾದ ಮೇಲೆ ಒಲೆಯ ಮೇಲಿನ ಹೊಗೆ ಎಳೆಯುವ ಚಿಮಣಿ, ಇಲ್ಲಿಯವರು ಹುಡ್ ಅನ್ನುವುದು. ಮೊದಲಿದ್ದದ್ದು ಒಗ್ಗರಣೆಯ ಹೊಗೆಯನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಯಿಂದ ನನ್ನ ಮುಖಕ್ಕೇ ಊದುತ್ತಿತ್ತು. ಹೈಸ್ಕೂಲಿಗೆ ಹೋಗುವ ಮಗಳು ಒಂದು ದಿನ ಬಂದು, "ಅಮ್ಮಾ, ಮೈ ಜಾಕೆಟ್ ಸ್ಮೆಲ್ಸ್ ಲೈಕ್ ಸಾರು" ಎಂದು ಅತ್ತಳು. ಅವತ್ತೇ ಇವರು ಹೋಟೆಲಿನವರು ಹಾಕುವಂಥ ಒಂದನ್ನು ತರಿಸಿ, ಗೋಡೆ ಕೊರೆಸಿ, ಹೊರಗೆ ಹೊಗೆ ಹೋಗುವ ಹಾಗೆ ಕೂರಿಸಿದರು. ಹಾಕಿದರೆ ಹಿತ್ತಲಿಗೆ ಹೆಲಿಕಾಪ್ಟರ್ ಇಳಿದ ಸದ್ದು. ಜಾಕೆಟ್ಟಿಗೆ ಮಾತ್ರ ಮೋಕ್ಷ ಸಿಕ್ಕಿತು.

ಮರುವರ್ಷ ದೊಡ್ಡ ಗಾಜು. "ಅಮ್ಮನಿಗೋಸ್ಕರ" ಅಂದರು. ನಮ್ಮ ಮನೆಯಲ್ಲಿ ಯಾವುದನ್ನೂ ಯಾರೂ ತಮಗಾಗಿ ಕೊಳ್ಳುವುದಿಲ್ಲ. ಟೀವಿ ಮಗಳ ಓದಿಗೋಸ್ಕರ ಬಂದದ್ದು, ಮಸಾಜ್ ಮಾಡುವ ಕುರ್ಚಿ ನೆಂಟರಿಗೋಸ್ಕರ. ಆದರೆ ಈ ಮಾತನ್ನು ಮಾತ್ರ ಕೃಷ್ಣ ನಗುತ್ತಾ ನಿಜ ಮಾಡಿಬಿಟ್ಟ.

ಇವರ ಅಮ್ಮ, ನನ್ನ ಅತ್ತೆ, ನಮ್ಮ ಜೊತೆಗೇ ಇರುವವರು. ಮಂಡಿ ಪೂರ್ತಿ ಹೋಗಿದೆ, ಮೆಟ್ಟಿಲು ಹತ್ತುವ ಹಾಗಿಲ್ಲ, ಕಾರಿಲ್ಲದೆ ಇಲ್ಲಿ ಹಾಲು ಕೂಡ ಸಿಗುವುದಿಲ್ಲ. ಕೆಳಗಿನ ಅವರ ಕೋಣೆಯ ಕಿಟಕಿಗೆ ಕಾಣುವುದು ಮರದ ಬೇಲಿ ಒಂದೇ. ದೊಡ್ಡ ಗಾಜು ಬಂದ ದಿನ ಅದರ ಪಕ್ಕ ಅವರ ಕುರ್ಚಿ ಹಾಕಿದೆವು. ಚೌಕಟ್ಟಿಗೆ ಕುಂಕುಮ ಇಟ್ಟು, ಊರುಗೋಲನ್ನು ಗೋಡೆಗೆ ಒರಗಿಸಿ ಕೂತರು ನೋಡಿ, ಮತ್ತೆ ಊಟಕ್ಕೆ ಎಬ್ಬಿಸಲು ನಾನು ಮೂರು ಸಲ ಕರೆಯಬೇಕಾಯಿತು. ವಾರ ಕಳೆಯುವುದರೊಳಗೆ ರಸ್ತೆಯವರಿಗೆಲ್ಲ ನಾಮಕರಣವಾಗಿತ್ತು. ಅಂಗಿಯಿಲ್ಲದೆ ಓಡುವವನು 'ಓಡುವ ಸನ್ಯಾಸಿ'. ಎರಡು ನಾಯಿ ಹಿಡಿದು ಎರಡು ದಿಕ್ಕಿಗೆ ಎಳೆದಾಡುವ ಗಂಡಹೆಂಡತಿ 'ಹೊಂದಾಣಿಕೆ'. ಟಪಾಲಿನ ಗಾಡಿಯ ಹೆಂಗಸು 'ಅಂಚೆಯವಳು'. ಅವಳು ದಿನಾ ನಮ್ಮ ಡಬ್ಬಿಗೆ ಕಾಗದ ತುರುಕಿ, ಗಾಜಿನ ಕಡೆ ನೋಡಿ ಕೈ ಬೀಸುತ್ತಿದ್ದಳು. ಅತ್ತೆ ಕೈ ಬೀಸುವವರಲ್ಲ. ಅಂಗೈ ಎತ್ತಿ, ದೀರ್ಘ ಸುಮಂಗಲೀ ಭವ ಎಂಬ ಹಾಗೆ ಹಿಡಿಯುತ್ತಿದ್ದರು. ಆಮೇಲೆ ಒಳಗೆ ತಿರುಗಿ, "ಅಂಚೆಯವಳು ಬಂದಾಯ್ತು, ಅನ್ನಕ್ಕಿಡು" ಎನ್ನುತ್ತಿದ್ದರು. ಗಡಿಯಾರದ ಕೆಲಸವೂ ಆಯಿತು.

ಒಂದು ಬೆಳಿಗ್ಗೆ, ಇನ್ನೂ ಕತ್ತಲಿರುವಾಗ, ನಾನು ಮಗಳ ಊಟದ ಡಬ್ಬಿಗೆ ಪಲ್ಯ ಮಾಡುತ್ತಿದ್ದೆ. ಅತ್ತೆ ಕೂಗಿದರು.

"ಮಾರಾಯ್ತಿ, ಇಲ್ಲಿ ಬಾ. ಈ ಗಾಜು ಉಸಿರು ತೆಗೀತಾ ಉಂಟು."

ನಾನು ಒಲೆ ಆರಿಸಿ, ಚಿಮಣಿ ಆರಿಸಿ, ಕೈ ಒರೆಸಿಕೊಂಡು ಹೋದೆ. ಗಾಜು ಗಾಜಿನ ಹಾಗೇ ಇತ್ತು. ಅದರಲ್ಲಿ ಅತ್ತೆಯ ಪ್ರತಿಬಿಂಬ, ನನ್ನ ಪ್ರತಿಬಿಂಬ, ಹಿಂದೆ ದೇವರ ದೀಪ.

"ಎಂತದೂ ಇಲ್ವಲ್ಲ ಅತ್ತೆ."

"ಈಗ ಇಲ್ಲ. ನೀನು ಬರ್ತಿ ಅಂತ ಗೊತ್ತಾಗಿ ಸುಮ್ಮನಾಯ್ತು. ಆಗ ನನ್ನ ಮುಖ ಕುಂಬಳಕಾಯಿ ಆಗಿತ್ತು."

ಅತ್ತೆಯ ಕಣ್ಣಿನ ಪೊರೆ ತೆಗೆಸಿ ಬಹಳ ಕಾಲವಾಗಿರಲಿಲ್ಲ. ಅದರದ್ದೇ ಇರಬೇಕೆಂದು ಅವರಿಗೆ ಹೇಳಿ ಒಳಗೆ ಹೋದೆ. ಹೀಗೇ ಇನ್ನೂ ಕೆಲವು ಸಲ ಆಯಿತು. ಅವರು ಕೂಗುವುದು, ನಾನು ಎಲ್ಲ ಆರಿಸಿ ಓಡುವುದು, ಗಾಜು ಒಳ್ಳೆ ಹುಡುಗಿಯ ಹಾಗೆ ನಿಂತಿರುವುದು. ಆಮೇಲೆ ಒಂದು ಸಂಜೆ ನಾನು ಹಪ್ಪಳ ಕರಿಯುತ್ತಿದ್ದಾಗ, ಕಾಫಿ ಲೋಟ ಹಿಡಿದು ಹಾಲ್‌ಗೆ ಬಂದ ಇವರು, ಹೆಜ್ಜೆ ತಪ್ಪಿದವರ ಹಾಗೆ ನಿಂತುಬಿಟ್ಟರು. ಗಾಜಿನೊಳಗಿನ ದೀಪ ಉದ್ದವಾಗಿ, ಓರೆಯಾಗಿ, ಮತ್ತೆ ಗುಂಡಗಾಯಿತಂತೆ. ಜೊತೆಗೆ ಚೌಕಟ್ಟಿನಿಂದ 'ಟಕ್' ಎಂಬ ಸದ್ದು.

"ಗ್ಲಾಸ್ ಫ್ಲೆಕ್ಸ್ ಆಗ್ತಾ ಇದೆ, ಬಾಗ್ತಾ ಇದೆ!" ಎಂದು ಕೂಗಿದರು.

"ನಾನು ಹೇಳಿದಾಗ ಪೊರೆ, ನೀನು ಹೇಳಿದಾಗ ಫ್ಲೆಕ್ಸ್" ಅಂದರು ಅತ್ತೆ.

ಅಂದಿನಿಂದ ನಮ್ಮ ಹಾಲ್ ಪ್ರಯೋಗಶಾಲೆಯಾಯಿತು. ಮೀಟಿಂಗಿಗೆ ಬಳಸುವ ಕೆಂಪು ಬೆಳಕಿನ ಕಡ್ಡಿಯನ್ನು ಪುಸ್ತಕಗಳ ಮೇಲಿಟ್ಟು ಗಾಜಿಗೆ ಬಿಟ್ಟರು. ಅದು ಎದುರು ಗೋಡೆಗೆ ಬಡಿದು ಒಂದು ಚುಕ್ಕಿಯಾಯಿತು. ಗಾಜು ಅಲುಗಿದರೆ ಚುಕ್ಕಿ ಅಲುಗಬೇಕು, ಇದು ಲೆಕ್ಕ. ಒಳ್ಳೆಯ ಲೆಕ್ಕವೇ. ಆಮೇಲೆ ಮನೆಗೆಲ್ಲ ಅಪ್ಪಣೆ: "ಯಾರೂ ಓಡಾಡಬೇಡಿ. ಫ್ಯಾನ್ ಆಫ್ ಮಾಡಿ. ಆ ಹುಡ್ ಆಫ್ ಮಾಡೇ, ವೈಬ್ರೇಶನ್ ಬಂದ್ರೆ ರೀಡಿಂಗ್ ಹಾಳಾಗುತ್ತೆ." ನಾವೆಲ್ಲ ಉಸಿರು ಹಿಡಿದು ಕೂತೆವು. ಹೊರಗೆ ಗಾಳಿ ಬಂದಾಗ ಚುಕ್ಕಿ ಒಂದು ಸ್ವಲ್ಪ ನಡುಗಿದ್ದು ಬಿಟ್ಟರೆ, ಗೋಡೆಗೆ ಇಟ್ಟ ಬೊಟ್ಟಿನ ಹಾಗೆ ಗಟ್ಟಿ ನಿಂತಿತು.

"ಇಂಟರ್‌ಮಿಟೆಂಟ್" ಎಂದು ತೀರ್ಪು ಕೊಟ್ಟರು. ಅವರ ಕಸುಬಿನಲ್ಲಿ, ನೋಡಲು ಹೋದರೆ ಕಾಣದ, ನೋಡದಿದ್ದರೆ ಕಾಡುವ ತೊಂದರೆಗೆ ಹಾಗೆನ್ನುತ್ತಾರಂತೆ. ನಮ್ಮ ಕಡೆ ಅಂಥದ್ದಕ್ಕೆ ದೈವ ಎನ್ನುತ್ತೇವೆ, ಒಂದು ತೆಂಗಿನಕಾಯಿಯಲ್ಲಿ ಮುಗಿಯುತ್ತದೆ.

ಫೋನಿನ ಕನ್ನಡ ಗ್ರೂಪಿಗೆ ವಿಷಯ ಹೋಯಿತು. ನಮ್ಮ ಗ್ರೂಪಿನಲ್ಲಿ ಎಲ್ಲರೂ ಓದಿದವರು, ಆದ್ದರಿಂದ ಗೊತ್ತಿಲ್ಲ ಎನ್ನುವವರು ಒಬ್ಬರೂ ಇಲ್ಲ. ಒಬ್ಬರು ಈಶಾನ್ಯದಲ್ಲಿ ಗಾಜಿನ ಭಾರ ಇರಬಾರದೆಂದರು. ನಮ್ಮ ಕಿಟಕಿ ಇರುವುದು ಪೂರ್ವಕ್ಕೆ ಎಂದರೆ, ಅಮೆರಿಕದಲ್ಲಿ ದಿಕ್ಕು ಸ್ವಲ್ಪ ಬದಲು ಎಂದರು. ಒಬ್ಬರು, ಇಲ್ಲಿನ ಕೆಂಪು ಮಣ್ಣು ಉಬ್ಬುತ್ತದೆ, ಮನೆಯೇ ತಿರುಚಿಕೊಳ್ಳುತ್ತಿರಬೇಕು, ಆದಷ್ಟು ಬೇಗ ಮಾರಿಬಿಡಿ ಅಂದರು. ಅವರು ಮನೆ ಮಾರಿಸಿಕೊಡುವ ಏಜೆಂಟರು. ಮತ್ತೊಬ್ಬರು ತಮ್ಮ ಮನೆಯ ಕಿಟಕಿಯ ಫೋಟೋ ಹಾಕಿ, ನಮ್ಮದು ಫ್ಲೆಕ್ಸ್ ಆಗುವುದಿಲ್ಲ ಎಂದು ಮಾತ್ರ ಬರೆದರು. ಡುಲುತ್‌ನ ಸ್ನೇಹಿತರು ಕೈ ಮುಗಿಯುವ ಒಂದು ಚಿತ್ರ ಕಳಿಸಿ ಸುಮ್ಮನಾದರು.

ಆ ದಿನಗಳಲ್ಲೇ ಹಾಲ್‌ನಲ್ಲಿ ಒದ್ದೆ ಬೂದಿಯ ವಾಸನೆ ಶುರುವಾಗಿತ್ತು. ನಾವು ಉರಿಸದೇ ಬಿಟ್ಟಿರುವ ಬೆಂಕಿಗೂಡಿನದ್ದು. "ಕ್ಲೀನ್ ಮಾಡಿಲ್ವಾ?" ಎಂದು ಇವರು ಕೇಳಿದರು. ಮಾಡಿದೆ. ಮತ್ತೆ ಬಂತು. ಮತ್ತೆ ಮಾಡಿದೆ. ಮನೆಯಲ್ಲಿ ಏನು ಕೆಟ್ಟರೂ ಕೊನೆಗೆ ಬಂದು ನಿಲ್ಲುವುದು ಪೊರಕೆಯ ಹತ್ತಿರವೇ.

ಕೊನೆಗೆ ಒಂದು ದಿನ ಇವರು ನೀಲಿ ಟೇಪು ತಂದು, ಗಾಜಿಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತು ಹಾಕಿದರು. ನೆಲದ ಮೇಲೂ ಒಂದು ಗೆರೆ. ಗೆರೆ ದಾಟುವ ಹಾಗಿಲ್ಲ. ಗಾಜು ಒಡೆದು ಅಮ್ಮನ ಮೇಲೆ ಬಿದ್ದರೆ? ಆ ಹೆದರಿಕೆ ನಿಜವಾದದ್ದೇ, ನಾನು ನಗುವುದಿಲ್ಲ. ಕುರ್ಚಿಯನ್ನು ಹಿಂದಿನ ಅತ್ತೆಯ ಕೋಣೆಗೇ ಒಯ್ದರು.

"ಬೇಲಿ ನೋಡ್ಲಿಕ್ಕೆ ಸಮುದ್ರ ದಾಟಿ ಬಂದದ್ದಾ ಮಾರಾಯ ನಾನು?" ಎಂದು ಅತ್ತೆ ಕೇಳಿದರು.

"ಅಮ್ಮಾ, ಇಟ್ಸ್ ಫಾರ್ ಯುವರ್ ಸೇಫ್ಟಿ."

"ಬೇಲಿ ಎದುರು ಕೂತ್ರೆ ಸಾಯುದಿಲ್ವಾ ಹಾಗಾದ್ರೆ? ಒಳ್ಳೆದಾಯ್ತು."

ಆಮೇಲೆ ಅವರು ತಮಾಷೆ ಮಾಡಲಿಲ್ಲ. ಅದೇ ನನಗೆ ಚಿಂತೆಯಾದದ್ದು. ಬೈದರೆ, ಚುಚ್ಚಿದರೆ, ಸಾರಿಗೆ ಉಪ್ಪು ಸಾಲದೆಂದರೆ ನಮ್ಮ ಅತ್ತೆ ಗಟ್ಟಿ ಇದ್ದಾರೆಂದು ಅರ್ಥ. ಈಗ ಉಪ್ಪು ಹಾಕುವುದನ್ನೇ ನಾನು ಮರೆತ ದಿನವೂ ಸುಮ್ಮನೆ ಅರ್ಧ ತಿಂದು ತಟ್ಟೆ ಸರಿಸಿದರು. ಹಗಲೆಲ್ಲ ನಿದ್ದೆ. ಹೊತ್ತು ಕೇಳುವುದನ್ನು ಬಿಟ್ಟರು. ಒಂದು ಸಲ ಮಧ್ಯಾಹ್ನ ಎದ್ದು ಕೂತು, ಬೆಳಗಾಯ್ತಾ ಎಂದು ಕೇಳಿದರು.

ಅದೇ ವಾರ ಬೆಲ್ ಆಯಿತು. ಬಾಗಿಲು ತೆಗೆದರೆ ಅಂಚೆಯವಳು, ಕೈಯಲ್ಲಿ ಯಾವ ಪಾರ್ಸೆಲ್ಲೂ ಇಲ್ಲ. ಕಿಟಕಿಯ ಅಜ್ಜಿ ಕಾಣುತ್ತಿಲ್ಲ, ಗಾಜಿಗೆ ಟೇಪು ಬೇರೆ ಹಾಕಿದ್ದೀರಿ, ಅವರು ಆರೋಗ್ಯವಾಗಿದ್ದಾರಾ ಎಂದು ಕೇಳಿದಳು. ಇದ್ದಾರೆ, ಒಳಗಿದ್ದಾರೆ ಎಂದೆ. ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಹೋದಳು. ಈ ದೇಶದಲ್ಲಿ ಪಕ್ಕದ ಮನೆಯವರು ಯಾರೆಂದು ನನಗಿನ್ನೂ ಸರಿಯಾಗಿ ತಿಳಿಯದು, ಆದರೆ ನಮ್ಮ ಅತ್ತೆಯನ್ನು ಕೇಳಿಕೊಂಡು ಬರುವವಳು ಒಬ್ಬಳಿದ್ದಾಳೆ. ದೇವರ ಮುಂದೆ ನಿಂತು, ಇಷ್ಟಾದರೂ ಕೊಟ್ಟೆಯಲ್ಲ ಕೃಷ್ಣಾ ಎಂದೆ. ಕೊಟ್ಟದ್ದನ್ನು ಕುರ್ಚಿಯ ಸಮೇತ ವಾಪಸು ಕೊಡು ಎಂದೂ ಸೇರಿಸಿದೆ.

ಕಿಟಕಿ ಹಾಕಿದ ಕಂಪನಿಯಿಂದ ಒಬ್ಬ ಬರುವುದೆಂದಾಯಿತು. ಇಲ್ಲಿಯವರು ಯಾರಾದರೂ ಮನೆಗೆ ಬರುತ್ತಾರೆಂದರೆ ನಾವು ಮಾಡುವ ಸಿದ್ಧತೆಯನ್ನು ಹೇಳದಿದ್ದರೆ ಈ ಕಥೆ ಅರ್ಥವಾಗದು. ಹಿಂದಿನ ದಿನದಿಂದಲೇ ಒಗ್ಗರಣೆ ಬಂದ್. ಇಂಗಿನ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗರಾಜಿಗೆ ಸಾಗಿಸುವುದು. ಬ್ರೆಡ್ಡು ಮೊಸರು ತಿಂದು ಮಲಗುವುದು. ಬೆಳಿಗ್ಗೆ ಉಳಿದ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಡುವುದು. ಅದು ಪೈನ್ ಮರಗಳ ಹಳದಿ ಪುಡಿ ಉದುರುವ ಕಾಲ, ಕಾರು, ಮೆಟ್ಟಿಲು, ನಾಯಿ ಎಲ್ಲದಕ್ಕೂ ಅರಿಶಿನ ಹಚ್ಚಿದಂತೆ ಆಗಿರುತ್ತದೆ. ಆ ಕಾಲದಲ್ಲಿ ಕಿಟಕಿ ತೆರೆಯುವವರು ಯಾರೂ ಇಲ್ಲ. ನಾವು ತೆರೆದೆವು, ಸೀನುತ್ತಾ ಕೂತೆವು. ಕೊನೆಗೆ ವೆನಿಲಾ ವಾಸನೆಯ ಮೇಣದ ಬತ್ತಿ. ಕಂಪನಿಯವನು ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಸಾಸಿವೆ ಕಂಡೇ ಇಲ್ಲವೆಂಬ ಹಾಗಿತ್ತು.

ಅವನು ಗಾಜಿಗೆ ಅಂಗೈ ಒತ್ತಿ ನೋಡಿದ, ಅಂಚಿನಲ್ಲೆಲ್ಲ ಬೆರಳಾಡಿಸಿದ, ಮುಂಬಾಗಿಲನ್ನು ದಡಾರನೆ ಹಾಕಿ ನೋಡಿದ. ಗಾಜು ಮಿಸುಕಲಿಲ್ಲ. ಇಷ್ಟು ದೊಡ್ಡ ಗಾಜು ಜೋರು ಗಾಳಿಗೆ ಸ್ವಲ್ಪ ಬಾಗಬೇಕು ಸರ್, ಬಾಗದಿದ್ದರೇ ಒಡೆಯುವುದು ಅಂದ. ಇವರು ತಮ್ಮ ಕೆಂಪು ಚುಕ್ಕಿಯ ವೀಡಿಯೋ ತೋರಿಸಿದರು. ಚುಕ್ಕಿ ಅದರಲ್ಲೂ ಗಟ್ಟಿ ನಿಂತಿತ್ತು. ತಮ್ಮ ದೂರಿಗೆ ತಾವೇ ವಿರುದ್ಧ ಸಾಕ್ಷಿ ಹೇಳಿದವರನ್ನು ನಾನು ನೋಡಿದ್ದು ಅದೇ ಮೊದಲು.

ಅವನು ಹೊರಡುವಾಗ, ಅಷ್ಟು ಹೆದರಿಕೆಯಾದರೆ ಕೆಳಗಿನ ಅರ್ಧವನ್ನು ಗೋಡೆ ಮಾಡಿ, ಮೇಲೆ ಪಟ್ಟಿಯಿರುವ ಸಣ್ಣ ಕಿಟಕಿ ಕೂರಿಸಬಹುದು, ಬೇಕಾದರೆ ಅಳತೆಗೆ ಬರುತ್ತೇನೆ ಅಂದ. ಮುಖ ಕೆಂಪಾಗಿದ್ದ ಇವರು ಕೂಡಲೇ ಹೂಂ ಅಂದುಬಿಟ್ಟರು. ಊಟಕ್ಕೆ ಕೂತಾಗ ಅತ್ತೆಗೆ ಹೇಳಿದರು. ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದರು.

"ಮೇಲೆ ಕಿಟಕಿ ಇಟ್ರೆ ಕೂತವಳಿಗೆ ಎಂತ ಕಾಣ್ತದೆ?"

"ಆಕಾಶ ಕಾಣುತ್ತಲ್ಲಮ್ಮಾ. ಮೋಡ ಎಲ್ಲ."

"ಮೋಡ ನಿನ್ನ ಕೆಲಸ ಮಾರಾಯ. ನನಗೆ ಜನ ಕಾಣ್ಬೇಕು."

ಇವರು ತಟ್ಟೆಗೆ ಇನ್ನಷ್ಟು ಮೊಸರು ಸುರಿದುಕೊಂಡರು. ಅಳತೆಯ ದಿನ ನಿಗದಿಯಾಗಿತ್ತು, ಮುಂದಿನ ವಾರ.

ಅದರ ನಡುವೆ ಏಕಾದಶಿ ಬಂತು. ಅತ್ತೆ ಮತ್ತು ನಾನು ಉಪವಾಸ. ಇಂಥ ದಿನ ಒಲೆ ಹಚ್ಚುವುದಿಲ್ಲ, ಇವರು ಮತ್ತು ಮಗಳು ಪಿಜ್ಜಾ ತರಿಸಿಕೊಂಡು ಆ ಮಟ್ಟಿಗೆ ಆಚಾರ ಪಾಲಿಸುತ್ತಾರೆ. ಅವತ್ತು ಅತ್ತೆ ಊರುಗೋಲು ಊರಿಕೊಂಡು ತಾವೇ ಹಾಲ್‌ಗೆ ಬಂದು, ನೆಲದ ಗೆರೆಯ ಈಚೆ ಒಂದು ಮರದ ಕುರ್ಚಿ ಎಳೆದು ಜಪಕ್ಕೆ ಕೂತರು. ಅಲ್ಲಿಂದ ರಸ್ತೆ ಸರಿಯಾಗಿ ಕಾಣದು. ಆದರೂ ಕೂತರು. ಸಂಜೆ ಪಿಜ್ಜಾ ತಿನ್ನುತ್ತಿದ್ದ ಇವರಿಗೆ ಕೇಳುವ ಹಾಗೆ ಹೇಳಿದರು:

"ಇವತ್ತು ಬೆಳಿಗ್ಗಿಂದ ನೋಡ್ತಾ ಇದ್ದೇನೆ. ಒಮ್ಮೆ ಸಹ ಬಳುಕಲಿಲ್ಲ. ಮೊದ್ಲು ಇಲ್ಲಿ ಕೂತಿದ್ದಾಗ ಬಂದ ಏಕಾದಶಿಗೂ ಹೀಗೇ ಇತ್ತು. ಗಾಜಿಗೂ ಏಕಾದಶಿ ಉಂಟು."

"ಅಮ್ಮಾ, ಅದು ಬರೀ ಕೋಇನ್ಸಿಡೆನ್ಸ್."

"ನೀನು ಪಿಜ್ಜಾ ತಿನ್ನು ಮಗಾ. ಗಾಜಿಗೆ ಇರುವ ಬುದ್ಧಿ ಎಲ್ಲರಿಗೂ ಇರ್ಬೇಕು ಅಂತ ಇಲ್ಲ."

ಮಗಳು ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವಳೇ. ಉಪವಾಸದ ಪುಣ್ಯದಿಂದ ಗಾಜು ನಿಂತಿದ್ದರೆ, ದಿನಾ ಉಪವಾಸ ಮಾಡಿಯಾದರೂ ಕುರ್ಚಿಯನ್ನು ಮೊದಲಿನ ಜಾಗಕ್ಕೆ ತರಬಹುದೇ ಎಂದು ಕೂಡ ಯೋಚಿಸಿದೆ.

ಮರುದಿನ ದ್ವಾದಶಿ. ಉಪವಾಸ ಮುರಿಯುವ ಪಾರಣೆಯ ಊಟ ಬೆಳಕು ಹರಿಯುವ ಹೊತ್ತಿಗೆ ಆಗಬೇಕು. ಸ್ನಾನ ಮಾಡಿ, ಹಾಲ್‌ನ ಮೂಲೆಯಲ್ಲಿರುವ ದೇವರಿಗೆ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಅಡಿಗೆಗೆ ನಿಂತೆ. ಅತ್ತೆ ಆಗಲೇ ಬಂದು ಅದೇ ಮರದ ಕುರ್ಚಿಯಲ್ಲಿ ಕೂತಿದ್ದರು. ತೊವ್ವೆಗೆ ಒಗ್ಗರಣೆ ಇಟ್ಟೆ, ಚಿಮಣಿ ಹಾಕಿದೆ. ಸಾಸಿವೆ ಸಿಡಿಯಲು ಶುರುವಾಗಿತ್ತು.

"ಓ ಮಾರಾಯ್ತಿ! ನಮಗಿಂತ ಮೊದಲು ಗಾಜೇ ಪಾರಣೆಗೆ ಕೂತಿತು! ಹೊಟ್ಟೆ ಒಳಗೆ ಎಳ್ಕೊಂಡಿದೆ ನೋಡು!"

ಸಿಡಿಯುವ ಸಾಸಿವೆಯನ್ನು ಬಿಟ್ಟು ಒಲೆ ಆರಿಸಲು ಮನಸ್ಸು ಬರಲಿಲ್ಲ. ಹಿಂದಿನ ದಿನದಿಂದ ಉಪವಾಸವಿದ್ದ ಹಿರಿಯ ಜೀವ, ಊಟ ತಡವಾಗಬಾರದು. ಎಲ್ಲವನ್ನೂ ಹಾಗೇ ಬಿಟ್ಟು, ಸೌಟು ಹಿಡಿದುಕೊಂಡೇ ಓಡಿದೆ. ನೋಡಿದರೆ, ಗಾಜಿನಲ್ಲಿ ಅತ್ತೆ ಕುಂಬಳಕಾಯಿಯೇ. ಪಕ್ಕದಲ್ಲಿ ನಾನು ಸೌಟು ಹಿಡಿದ ಹಲಸಿನಹಣ್ಣು.

ಆದರೆ ನನ್ನ ಕಣ್ಣು ಹೋದದ್ದು ದೇವರ ಕಡೆಗೆ. ದೀಪದ ಕುಡಿ ನೆಟ್ಟಗೆ ನಿಂತಿರಲಿಲ್ಲ. ಅಡಿಗೆಮನೆಯ ಕಡೆಗೆ ಬಾಗಿ, ಅಡ್ಡಬಿದ್ದ ಹಾಗಿತ್ತು. ಊದುಬತ್ತಿಯ ಹೊಗೆ ಮೇಲೇಳದೆ, ನೂಲು ಎಳೆದ ಹಾಗೆ, ಕೃಷ್ಣನ ಮುಖದ ಮುಂದೆಯೇ ಹಾದು ಅಡಿಗೆಮನೆಯೊಳಗೆ ಓಡುತ್ತಿತ್ತು. ಬೆಂಕಿಗೂಡಿನ ಬೂದಿಯ ವಾಸನೆಯೂ ಅದರ ಬೆನ್ನಿಗೇ. ನನಗೆ ಮೊದಲು ಬಂದದ್ದು ಸಿಟ್ಟು. ದೇವರಿಗೆ ಹಚ್ಚಿದ ಧೂಪವನ್ನು ನಡುದಾರಿಯಲ್ಲಿ ಕದಿಯುವವರು ಯಾರು? ಹೊಗೆಯ ಹಿಂದೆಯೇ ಹೋದೆ. ಅದು ಒಲೆಯ ಮೇಲೆ, ಹೆಲಿಕಾಪ್ಟರಿನ ಬಾಯಿಯೊಳಗೆ ಹೋಗುತ್ತಿತ್ತು.

ಚಿಮಣಿ ಆರಿಸಿದೆ. ಹಾಲ್‌ನಿಂದ 'ಟಕ್'.

"ಸರಿಯಾಯ್ತು!" ಅತ್ತೆಯ ದನಿ.

ಹಾಕಿದೆ.

"ಕುಂಬಳಕಾಯಿ!"

ಆರಿಸಿದೆ. ಟಕ್.

"ಇನ್ನೊಮ್ಮೆ ಮಾಡು, ಇನ್ನೊಮ್ಮೆ!" ಎಂದು ಅತ್ತೆ ಚಿಕ್ಕ ಮಕ್ಕಳ ಹಾಗೆ ಕೂಗಿದರು. ಎಷ್ಟೋ ವಾರದ ಮೇಲೆ ಕೇಳಿದ ದನಿ ಅದು. ಸಾಸಿವೆ ಸೀದು ಕರಿಕಾಗಿತ್ತು, ಹೋಗಲಿ ಬಿಡಿ. ಒಲೆ ಆರಿಸಿ, ಚಿಮಣಿ ಮಾತ್ರ ಹಾಕಿ, ಅಡಿಗೆಮನೆಯ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದೆ. ಹೊರಗಿನ ತಣ್ಣನೆ ಗಾಳಿ ಸುಂಯ್ಯೆಂದು ನುಗ್ಗಿತು. ಹಾಲ್‌ಗೆ ಹೋಗಿ ನೋಡಿದರೆ ಗಾಜು ನೆಟ್ಟಗೆ, ದೀಪ ನೆಟ್ಟಗೆ, ಊದುಬತ್ತಿಯ ಹೊಗೆ ತನ್ನ ಯಜಮಾನನಿಗೆ ತಾನೇ ಸಲ್ಲುತ್ತಿತ್ತು.

ವಿಷಯ ಇಷ್ಟೇ. ಆ ಚಿಮಣಿ ಮನೆಯ ಗಾಳಿಯನ್ನೆಲ್ಲ ಹೊರಗೆ ದಬ್ಬುತ್ತದೆ. ಹೋದ ಗಾಳಿಯ ಬದಲು ಅಷ್ಟೇ ಗಾಳಿ ಎಲ್ಲಿಂದಾದರೂ ಬರಬೇಕಲ್ಲ. ಮೊದಲು ಹಳೆ ಕಿಟಕಿಯ ಸಂದಿಯಿಂದ, ನನ್ನ ಸೀರೆಯ ಸುರುಳಿಯನ್ನೂ ದಾಟಿ ಬರುತ್ತಿತ್ತು. ಬಾಗಿಲಿಗೆ ಸ್ಪಂಜು, ಕಿಟಕಿಗೆ ಹೊಸ ಗಾಜು. ಉಸಿರಾಡುವ ದಾರಿಯನ್ನೆಲ್ಲ ಮುಚ್ಚಿ, ಮೂಗಿಗೆ ಪಂಪು ಇಟ್ಟ ಹಾಗಾಯಿತು. ಬೆಂಕಿಗೂಡಿನ ಕೊಳವೆಯಿಂದ ಬೂದಿಯ ಸಮೇತ ಸ್ವಲ್ಪ ಬಂತು. ಸಾಲದ್ದಕ್ಕೆ, ಇದ್ದದ್ದರಲ್ಲಿ ಬಾಗಬಲ್ಲದ್ದು ಆ ಗಾಜು, ಅದು ಬಾಗಿತು. ಏಕಾದಶಿಗೆ ಒಗ್ಗರಣೆಯಿಲ್ಲ, ಬಾಗಲಿಲ್ಲ. ಕಂಪನಿಯವನು ಬಂದ ದಿನವೂ ಒಗ್ಗರಣೆಯಿಲ್ಲ, ಕಿಟಕಿ ಬೇರೆ ತೆರೆದಿತ್ತು. ನಾನು ನೋಡಲು ಹೋದಾಗಲೆಲ್ಲ ಶಿಸ್ತಾಗಿ ಚಿಮಣಿ ಆರಿಸಿಯೇ ಹೋಗುತ್ತಿದ್ದೆ.

ಗಲಾಟೆಗೆ ಇವರು ಇಳಿದು ಬಂದರು. ನಾನು ವಿವರಿಸಲು ಹೋಗಲಿಲ್ಲ. ಕಿಟಕಿ ಮುಚ್ಚಿ, "ಗಾಜಿನ ಎದುರು ನಿಂತ್ಕೊಳ್ಳಿ" ಎಂದು ಚಿಮಣಿ ಹಾಕಿದೆ. ತಮ್ಮ ಹೊಟ್ಟೆ ಅಷ್ಟಗಲ ಹರಡಿದ್ದನ್ನು ಕಂಡು ಗಾಬರಿಯಾದರು. ಆರಿಸಿದೆ, ಇಳಿಯಿತು. ಒಂದು ನಿಮಿಷ ಯೋಚಿಸಿ ಹೇಳಿದರು:

"ನೆಗೆಟಿವ್ ಪ್ರೆಶರ್! ಐ ನ್ಯೂ ಇಟ್."

"ಹೌದು ಮಗಾ, ನಿನಗೆ ಗೊತ್ತಿತ್ತು" ಅಂದರು ಅತ್ತೆ. "ಅದಕ್ಕೇ ಗೋಡೆ ಕಟ್ಟಿಸ್ಲಿಕ್ಕೆ ಹೊರಟದ್ದು."

ಊಟವಾಗುವುದರೊಳಗೆ ಗ್ರೂಪಿನಲ್ಲಿ ಬಾಣದ ಗುರುತುಗಳಿರುವ ಚಿತ್ರದ ಸಮೇತ ಇವರ ಉದ್ದನೆಯ ಲೇಖನ ಬಿತ್ತು. ಹೆಬ್ಬೆರಳು, ಚಪ್ಪಾಳೆ, ಕೈಮುಗಿತ ಸುರಿದವು. ಈಶಾನ್ಯದವರು, ಗಾಳಿಯೂ ಈಶಾನ್ಯದಿಂದಲೇ ಬರುವುದು, ನಾನು ಹೇಳಿದ್ದು ಅದನ್ನೇ ಅಂದರು. ಊದುಬತ್ತಿಯ ಹೆಸರು ಲೇಖನದಲ್ಲಿ ಎಲ್ಲೂ ಇರಲಿಲ್ಲ. ಇರಲಿ. ತೋರಿಸಿದವನು ಕೃಷ್ಣ, ಅವನಿಗೆ ಹೆಬ್ಬೆರಳು ಬೇಕಾಗಿಲ್ಲ.

ಅಳತೆಯ ದಿನ ಬಂತು. ಬೇಡವೆಂದು ಫೋನು ಮಾಡುವ ಬದಲು, ಕಂಪನಿಯವನಿಗೂ ತೋರಿಸಿ, ಗಾಜಿಗೆ ಪೆಟ್ಟಾಗಿಲ್ಲವೆಂದು ಅವನ ಬಾಯಲ್ಲೇ ಕೇಳಿ, ಆಮೇಲೆ ಅಮ್ಮನನ್ನು ಕೂರಿಸೋಣ ಅಂದರು ಇವರು. ಅದು ಸರಿಯಾದ ಮಾತೇ. ಬೆಳಿಗ್ಗೆ ಅಡಿಗೆಮನೆಗೆ ಬಂದರು, ಕೈಯಲ್ಲಿ ವೆನಿಲಾ ಬತ್ತಿ.

"ಇವತ್ತು ಒಗ್ಗರಣೆ ಗಿಗ್ಗರಣೆ ಹಾಕ್ಬೇಡ. ಅವನು ಬರ್ತಾನೆ."

ನಾನು ಅವರನ್ನೇ ನೋಡಿದೆ. "ಒಗ್ಗರಣೆ ಹಾಕದೆ ಅವನಿಗೆ ಎಂತ ತೋರಿಸುದು?"

"ಹುಡ್ ಮಾತ್ರ ಆನ್ ಮಾಡಿದ್ರೆ ಸಾಕಲ್ವಾ?"

ಸಾಕಿತ್ತು, ನಿಜ. ಆದರೆ ಇಷ್ಟು ವರ್ಷ ಈ ಊರಲ್ಲಿ ಇಂಗಿನ ಡಬ್ಬಿಯನ್ನು ಕಳ್ಳಮಾಲಿನ ಹಾಗೆ ಗರಾಜಿಗೆ ಒಯ್ದವಳು ನಾನು. ಆ ಡಬ್ಬಿ ಒಳಗೇ ಇದ್ದಿದ್ದರೆ ಅತ್ತೆ ಅಷ್ಟು ದಿನ ಬೇಲಿ ನೋಡಬೇಕಾಗಿರಲಿಲ್ಲ. "ದೇವರಿಗೆ ನೈವೇದ್ಯಕ್ಕೆ ಸಾರು ಆಗ್ಬೇಕು. ಬಂದವನು ಬರ್ಲಿ" ಎಂದೆ. ಬತ್ತಿಯನ್ನು ಅವರ ಕೈಯಿಂದ ತೆಗೆದು ಕಪಾಟಿನಲ್ಲಿಟ್ಟೆ.

ಅವನು ಒಳಗೆ ಬಂದ ಹೊತ್ತಿಗೆ ತೆಂಗಿನೆಣ್ಣೆಗೆ ಸಾಸಿವೆ, ಇಂಗು, ಬ್ಯಾಡಗಿ ಮೆಣಸು, ಒಂದು ಹಿಡಿ ಕರಿಬೇವು. ಮೊದಲು ಚಿಮಣಿ ಹಾಕಲೇ ಇಲ್ಲ. ಅವನು ಕೆಮ್ಮಿದ, ಕಣ್ಣೊರೆಸಿಕೊಂಡ. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಓ ಮೈ ಗಾಡ್, ಅಮ್ಮಾ" ಅಂದಳು. ಆಮೇಲೆ ಹಾಕಿದೆ. ಗಾಜು ತನ್ನ ವಿದ್ಯೆಯನ್ನೆಲ್ಲ ಅವನ ಮುಂದೆ ಪ್ರದರ್ಶಿಸಿತು. ಅವನು ತಾನು ಹೋದ ಸಲವೇ ಅನುಮಾನಪಟ್ಟಿದ್ದೆನೆಂದ. ಅನುಮಾನಪಡದವರು ಈ ಕಥೆಯಲ್ಲಿ ಯಾರೂ ಉಳಿಯಲಿಲ್ಲ. ಅಂಚು, ಚೌಕಟ್ಟು ಎಲ್ಲ ಮತ್ತೆ ಪರೀಕ್ಷಿಸಿ, ಗಾಜು ಗಟ್ಟಿಯಿದೆ, ಅಜ್ಜಿ ಧಾರಾಳವಾಗಿ ಕೂರಬಹುದು ಅಂದ.

ಹೋಗುವ ಮುಂಚೆ ನೆಲಮಾಳಿಗೆಗೆ ಇಳಿದು ಬಂದು ಒಂದು ಮಾತು ಹೇಳಿದ. ಅಲ್ಲಿರುವ ಬಿಸಿನೀರಿನ ಹಂಡೆ ಗ್ಯಾಸಿನದ್ದು, ಚಿಮಣಿ ಇಷ್ಟು ಜೋರಾಗಿ ಎಳೆದರೆ ಅದರ ಕೆಟ್ಟ ಹೊಗೆಯೂ ಹಿಂದಕ್ಕೆ ಮನೆಯೊಳಗೆ ಬರಬಹುದು, ಅದಕ್ಕೆ ವಾಸನೆಯೂ ಇಲ್ಲ. ಹೊರಗಿನ ಗಾಳಿ ಬರಲು ಗೋಡೆಯಲ್ಲಿ ಒಂದು ದಾರಿ ಮಾಡಿಸಿ, ಹಂಡೆಯನ್ನೂ ಯಾರಿಗಾದರೂ ತೋರಿಸಿ, ಅಲ್ಲಿಯವರೆಗೆ ಕಿಟಕಿ ತೆರೆಯದೆ ಚಿಮಣಿ ಹಾಕಬೇಡಿ ಅಂದ. ಇವರು ಆಗಲೇ ಫೋನು ತೆಗೆದು ಹಂಡೆ ನೋಡುವವರನ್ನು ಹುಡುಕತೊಡಗಿದರು. ನಾನು ಗಾಜಿನ ಕಡೆ ನೋಡಿದೆ. ಪಾಪ, ಅದು ಅಷ್ಟು ದಿನ ಹೇಳುತ್ತಿದ್ದದ್ದು ಇದನ್ನು. ನಾವು ಅದರ ಬಾಯಿಗೇ ಟೇಪು ಹಾಕಿದ್ದೆವು. ಮರುದಿನವೇ ಜನ ಬಂದು ಹಂಡೆ ನೋಡಿ, ಸದ್ಯಕ್ಕೆ ತೊಂದರೆಯಿಲ್ಲವೆಂದರು. ಆ ರಾತ್ರಿ ದೀಪಕ್ಕೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದೆ.

ಟೇಪು ಕಿತ್ತರೂ ಅಂಟು ಹೋಗಲಿಲ್ಲ. ಇವರು ಅರ್ಧ ದಿನ ಸ್ಟೂಲಿನ ಮೇಲೆ ನಿಂತು ಉಜ್ಜಿದರು. ಈಗಲೂ ಬಿಸಿಲು ಓರೆಯಾಗಿ ಬಿದ್ದರೆ ಗಾಜಿನ ಮೇಲೆ ಮಸುಕಾಗಿ ಒಂದು ಗುಣಾಕಾರ ಕಾಣುತ್ತದೆ. "ಇರ್ಲಿ ಬಿಡು. ನಿನ್ನ ಓಪನ್‌ನೆಸ್ಸಿಗೆ ದೃಷ್ಟಿ ಬೊಟ್ಟು" ಅಂದರು ಅತ್ತೆ, ಮೊದಲಿನ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು.

ಗೋಡೆಯ ದಾರಿ ಮಾಡುವವರು ಬರುವುದು ಇನ್ನೂ ತಡವಿದೆ. ಅಲ್ಲಿಯವರೆಗೆ ಒಗ್ಗರಣೆಗೆ ಮೊದಲು ಅಡಿಗೆಮನೆಯ ಕಿಟಕಿ ಎರಡು ಬೆರಳು ತೆರೆದಿರಬೇಕು, ಹಳದಿ ಪುಡಿ ಬಂದರೂ ಸರಿ. ಒಂದೊಂದು ದಿನ ನಾನು ಚಿಮಣಿ ಹಾಕುವುದನ್ನೇ ಮರೆಯುತ್ತೇನೆ. ಆಗ ವಾಸನೆ ಆ ಸಂದಿಯಿಂದ ಹೊರಗೆ ಹೋಗಿ, ಮನೆಯನ್ನು ಸುತ್ತಿ, ರಸ್ತೆಗಿಳಿಯುತ್ತದೆ. ಮಗಳು ಜಾಕೆಟ್ಟನ್ನು ಕಾರಿನಲ್ಲಿಡಲು ಕಲಿತಿದ್ದಾಳೆ.

ಕುರ್ಚಿ ವಾಪಸು ಬಂದ ದಿನವೂ ಹಾಗೇ ಆಯಿತು. ಟಪಾಲಿನ ಗಾಡಿ ಬಂದು ನಿಂತಿತು. ಅಂಚೆಯವಳು ಡಬ್ಬಿಯ ಮುಚ್ಚಳ ತೆಗೆದವಳು, ಗಾಜಿನ ಕಡೆ ನೋಡಿ, ಕಾಗದ ಹಾಕುವುದನ್ನೂ ಮರೆತು ಎರಡೂ ಕೈ ಎತ್ತಿ ಬೀಸಿದಳು. ಅತ್ತೆ ಅಂಗೈ ಎತ್ತಿ ಹಿಡಿದರು. ಅವಳು ಹೋಗುವವರೆಗೂ ಇಳಿಸಲಿಲ್ಲ. ನಾನು ಸಾರಿನ ಪಾತ್ರೆಯ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಮೆಣಸಿನ ಘಾಟು ಎಂದುಕೊಳ್ಳಿ.

"ಮಾರಾಯ್ತಿ," ಎಂದು ಅತ್ತೆ ಹಾಲ್‌ನಿಂದ ಕೂಗಿದರು. "ಅಂಚೆಯವಳು ಬಂದಾಯ್ತು, ಅನ್ನಕ್ಕಿಡು. ಮತ್ತೆ, ಅವಳು ಮೂಗು ಎಳೀತಾ ಇದ್ಲು. ನಾಳೆ ಇಂಗು ಸ್ವಲ್ಪ ಕಡಿಮೆ ಹಾಕು."